ಅಪ್ಪನಿಗೆ ಸಿಒಪಿಡಿ, ನಡೆದರೆ ಏದುಸಿರು. ನಡೆಸೋದಾ, ಕೂರಿಸೋದಾ?

ಸಾಗರದ_ಸುಮ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68. ಬಸ್ ಡ್ರೈವರ್ ಆಗಿದ್ದರು. ಬೀಡಿ ಬಿಟ್ಟು ವರ್ಷಗಳೇ ಆದವು, ಆದರೂ ಸಿಒಪಿಡಿ (ಗಾಳಿಯ ಕೊಳವೆಗಳು ಕಿರಿದಾಗಿ ದಮ್ಮು ಕಟ್ಟುವ, ವಾಸಿಯಾಗದ ಶ್ವಾಸಕೋಶದ ಕಾಯಿಲೆ) ಅಂದಿದ್ದಾರೆ. ದಿನಾ ಎರಡು ಹೊತ್ತು ಪಂಪು (ಇನ್ಹೇಲರ್) ತೆಗೆದುಕೊಳ್ಳುತ್ತಾರೆ. ಕೂತಿದ್ದರೆ ಕಾಯಿಲೆ ಇದೆ ಅಂತಲೇ ಗೊತ್ತಾಗಲ್ಲ. ಪೇಪರ್ ಓದಿಕೊಂಡು, ಟಿವಿಯವರ ಜೊತೆ ಜಗಳ ಆಡಿಕೊಂಡು ಆರಾಮಾಗಿರುತ್ತಾರೆ. ಎದ್ದು ಹಾಲಿನ ಡೈರಿವರೆಗೆ ಹೋದರೆ ಮೇಲುಸಿರು ಶುರು. ದಾರಿಯಲ್ಲಿ ಲೈಟ್ ಕಂಬ ಹಿಡಿದು ನಿಂತುಬಿಡುತ್ತಾರೆ.

ಡಾಕ್ಟರ್ "ನಡೀರಿ, ನಡೆದಷ್ಟೂ ಒಳ್ಳೇದು" ಅಂತಾರೆ. ಅಮ್ಮ "ರಸ್ತೆಯಲ್ಲಿ ಬಿದ್ದರೆ ಯಾರು ಗತಿ" ಅಂತ ಅಪ್ಪನ ಚಪ್ಪಲಿಯನ್ನೇ ಬಚ್ಚಿಡುತ್ತಾರೆ. ಇನ್ನೊಂದು ವಿಚಿತ್ರ ಇದೆ. ಅಷ್ಟು ಏದುಸಿರು ಬಿಡುವಾಗ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 94, 95 ತೋರಿಸುತ್ತೆ. ಆಮ್ಲಜನಕ ಸರಿ ಇದ್ದ ಮೇಲೆ ದಮ್ಮು ಯಾಕೆ ಕಟ್ಟುತ್ತೆ? ಮಷಿನ್ನೇ ಸರಿ ಇಲ್ವಾ? ಗೊತ್ತಿರುವವರು ಹೇಳಿ.

ದೋಸೆಪ್ರಿಯ
ಚಪ್ಪಲಿ ಬಚ್ಚಿಡೋ ಅಮ್ಮ, ಹ್ಹಹ್ಹ. ನಮ್ಮಜ್ಜಿ ಅಜ್ಜನ ಕನ್ನಡಕ ಬಚ್ಚಿಡುತ್ತಿದ್ದರು.

ಲೆಕ್ಕದ_ಮೇಷ್ಟ್ರು
ಮಷಿನ್ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಅಥವಾ ಮದರಂಗಿ ಇದ್ದರೆ, ನಡೆಯುತ್ತಾ ಕೈ ಅಲ್ಲಾಡಿಸಿದರೆ ತಪ್ಪು ತೋರಿಸುತ್ತದೆ. ನಿಂತ ತಕ್ಷಣ ಹಾಕಿ, ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು ಅಂತ 2020ರಲ್ಲಿ ಅಮೆರಿಕದಲ್ಲಿ ದೊಡ್ಡ ಚರ್ಚೆ ಆಗಿತ್ತು. ಹಾಗಾಗಿ 95 ಅಂದರೆ ಪಕ್ಕಾ 95 ಅಂತಲ್ಲ. ಆದರೂ ನಿಮ್ಮ ತಂದೆಯ ಅಂಕಿಯಲ್ಲಿ ಗಾಬರಿ ಬೀಳುವಂಥದ್ದು ಏನೂ ಕಾಣಲ್ಲ.

ಫಿಸಿಯೋ_ಧಾರವಾಡ
ಮಷಿನ್ನೂ ಸುಳ್ಳು ಹೇಳುತ್ತಿಲ್ಲ, ನಿಮ್ಮ ತಂದೆಯೂ ಸುಳ್ಳು ಹೇಳುತ್ತಿಲ್ಲ.

ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ ಅಂತ ಅವರಿಗೆ ಅನ್ನಿಸುತ್ತದೆ. ಆದರೆ ಸಿಒಪಿಡಿಯಲ್ಲಿ ಮೂಲ ತೊಂದರೆ ಇರುವುದು ಉಸಿರು ಬಿಡುವುದರಲ್ಲಿ. ಗಾಳಿಯ ಕೊಳವೆಗಳು ಕಿರಿದಾಗಿರುತ್ತವೆ, ಸಡಿಲವೂ ಆಗಿರುತ್ತವೆ. ಗಾಳಿ ಹೊರಗೆ ಹೋಗಲು ಸಮಯ ಬೇಕು. ಕೂತಾಗ ಆ ಸಮಯ ಸಿಗುತ್ತದೆ. ನಡೆಯುವಾಗ ಉಸಿರಾಟ ಜೋರಾಗುತ್ತದೆ, ಹಳೇ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಮುಂದಿನ ಉಸಿರು ಒಳಗೆ ಬರುತ್ತದೆ. ನಿಮ್ಮ ತಂದೆಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಇಳಿಯುವವರು ಇಳಿಯುವ ಮೊದಲೇ ಹತ್ತುವವರು ಬಸ್ಸಿಗೆ ನುಗ್ಗಿದ ಹಾಗೆ. ಒಂದೊಂದು ಉಸಿರಿಗೂ ಒಳಗೆ ಸ್ವಲ್ಪ ಸ್ವಲ್ಪ ಗಾಳಿ ಉಳಿಯುತ್ತಾ ಹೋಗುತ್ತದೆ. ಎದೆ ಉಬ್ಬುತ್ತದೆ, ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು) ಚಪ್ಪಟೆಯಾಗುತ್ತದೆ, ಹೊಸ ಉಸಿರಿಗೆ ಜಾಗವೇ ಇರಲ್ಲ. ರಕ್ತದಲ್ಲಿ ಆಮ್ಲಜನಕ ಸರಿ ಇದ್ದರೂ ಮೆದುಳಿಗೆ ಹೋಗುವ ಸುದ್ದಿ "ಇಷ್ಟು ಒದ್ದಾಡುತ್ತಿದ್ದೇನೆ, ಗಾಳಿ ಮಾತ್ರ ಬರುತ್ತಿಲ್ಲ" ಅಂತ. ಏದುಸಿರು ಅಂದರೆ ಅದೇ.

ಅದಕ್ಕೇ ಆಕ್ಸಿಮೀಟರ್ ನೋಡಿ ಏದುಸಿರನ್ನು ಅಳೆಯೋಕೆ ಆಗಲ್ಲ.

ಹಳೇ_ಸೈಕಲ್
ಮೇಲಿನವರು ಹೇಳಿದ್ದು ನೂರಕ್ಕೆ ನೂರು. ನಾನೇ ರೋಗಿ, ಹಾಸನದವನು. ನನ್ನ ಅನುಭವ ಹೇಳುತ್ತೇನೆ. ನಡಿಗೆಗಿಂತ ಕಷ್ಟ ಸ್ನಾನ. ಯಾರೂ ನಂಬಲ್ಲ. ಮಣೆ ಮೇಲೆ ಕೂತು ಬಗ್ಗಿ ಬಕೆಟ್ಟಿನಿಂದ ಚೊಂಬು ಎತ್ತಬೇಕು, ತಲೆ ಮೇಲೆ ಕೈ ಎತ್ತಿ ಸುರಿಯಬೇಕು, ಸುರಿಯುವಾಗ ಉಸಿರು ಬಿಗಿ ಹಿಡಿಯಬೇಕು. ಮೇಲಿಂದ ಬಚ್ಚಲ ತುಂಬಾ ಹಬೆ. ತಲೆ ಒರೆಸಿಕೊಳ್ಳುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಈಗ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದೇನೆ. ಬಕೆಟ್ ಸ್ಟೂಲಿನ ಮೇಲೆ. ಕಿಟಕಿ ತೆರೆದಿರುತ್ತದೆ. ಒರೆಸಿಕೊಳ್ಳಲ್ಲ, ದೊಡ್ಡ ಟವೆಲ್ ಸುತ್ತಿಕೊಂಡು ಸುಮ್ನೆ ಕೂರುತ್ತೇನೆ, ಅದೇ ಒಣಗುತ್ತದೆ.

ಸಾಗರದ_ಸುಮ
ಅಯ್ಯೋ, ಅಪ್ಪನೂ ಸ್ನಾನ ಮುಗಿಸಿ ಬಂದು ಮಂಚದ ಮೇಲೆ ಬಹಳ ಹೊತ್ತು ಮಾತಾಡದೆ ಕೂತಿರುತ್ತಾರೆ. ಚಳಿಗೆ ಅಂದುಕೊಂಡಿದ್ದೆವು.

ಫಿಸಿಯೋ_ಧಾರವಾಡ
@ಹಳೇ_ಸೈಕಲ್ ಅಣ್ಣ ಹೇಳಿದ್ದಕ್ಕೆ ಕಾರಣ ಇದೆ. ವಪೆ ಸರಿಯಾಗಿ ಕೆಲಸ ಮಾಡದಿದ್ದಾಗ ಕತ್ತು, ಭುಜದ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ. ಕೈ ಮೇಲೆತ್ತಿದರೆ ಅದೇ ಸ್ನಾಯುಗಳು ಕೈ ಹಿಡಿಯುವ ಕೆಲಸಕ್ಕೆ ಹೋಗುತ್ತವೆ. ಬಟ್ಟೆ ಒಣಗಹಾಕುವುದು, ಅಟ್ಟದಿಂದ ಡಬ್ಬಿ ತೆಗೆಯುವುದು, ತಲೆ ಬಾಚುವುದು ಎಲ್ಲ ಇದೇ ಲೆಕ್ಕ. ಕಂಬ ಹಿಡಿದು ನಿಲ್ಲುವುದು ಇದಕ್ಕೆ ಉಲ್ಟಾ. ಕೈಗೆ ಆಸರೆ ಸಿಕ್ಕಿತು ಅಂದರೆ ಆ ಸ್ನಾಯುಗಳು ಬಿಡುವಾಗಿ ಉಸಿರಿಗೆ ಬರುತ್ತವೆ. ಯಾರೂ ಹೇಳಿಕೊಡದೆ ಅಪ್ಪಾಜಿ ಸರಿಯಾದ್ದನ್ನೇ ಮಾಡುತ್ತಿದ್ದಾರೆ. ಸ್ವಲ್ಪ ಮುಂದಕ್ಕೆ ಬಾಗಿ ನಿಂತರೆ ಇನ್ನೂ ಒಳ್ಳೆಯದು.

ಟೊರಾಂಟೋ_ತಮ್ಮ
ಇಲ್ಲಿ ಮಾಲ್‌ನಲ್ಲಿ ವಯಸ್ಸಾದವರು ಸಾಮಾನಿನ ಟ್ರಾಲಿ ತಳ್ಳಿಕೊಂಡು ಏನೂ ಕೊಳ್ಳದೆ ಸುತ್ತು ಹಾಕುತ್ತಿರುತ್ತಾರೆ. ಯಾಕೆ ಅಂತ ಈಗ ಗೊತ್ತಾಯ್ತು!

ನಿಜ_ಹೇಳ್ತೀನಿ
ಇಷ್ಟೆಲ್ಲಾ ಯಾಕ್ರೀ? ಬೆಳಿಗ್ಗೆ ಎದ್ದು ಕಪಾಲಭಾತಿ ಮಾಡಿಸಿ. ನಮ್ಮ ಮಾವನಿಗೆ ಉಬ್ಬಸ ಮಾಯ. ಪಂಪು ಅಭ್ಯಾಸ ಆದರೆ ಬಿಡೋಕೆ ಆಗಲ್ಲ. ಡಾಕ್ಟರುಗಳಿಗೆ ವ್ಯಾಪಾರ ಅಷ್ಟೇ.

ಡಾಕ್ಟರಲ್ಲ_ನರ್ಸು
@ನಿಜ_ಹೇಳ್ತೀನಿ ಮಾವನಿಗೆ ಇದ್ದದ್ದು ಆಸ್ತಮಾನಾ, ಸಿಒಪಿಡಿನಾ? ಎರಡೂ ಒಂದಲ್ಲ. ಆಸ್ತಮಾ ಬಂದು ಹೋಗುತ್ತದೆ, ನಡುವೆ ಪೂರ್ತಿ ಆರಾಮಾಗಿ ಇರಬಹುದು. ಸಿಒಪಿಡಿ ಹಾಗೆ ಮಾಯ ಆಗುವ ಕಾಯಿಲೆ ಅಲ್ಲ. ಪಂಪು ಬಿಡಿ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ನೀವು ಹೇಳಿ ಹೋಗುತ್ತೀರಿ, ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿ ನೆಬುಲೈಸರ್ ಹಾಕುವವರು ನಾವು.

ಫಿಸಿಯೋ_ಧಾರವಾಡ
ಕಪಾಲಭಾತಿ ಬಗ್ಗೆ ನನ್ನದೂ ಒಂದು ಮಾತು. ಬೇಗ ಬೇಗ, ಜೋರಾಗಿ ಹೊರಹಾಕುವ ಉಸಿರಾಟ ಅದು. ಸಡಿಲವಾದ ಕೊಳವೆಗಳು ಜೋರು ಮಾಡಿದಷ್ಟೂ ಮುಚ್ಚಿಕೊಳ್ಳುತ್ತವೆ, ಗಾಳಿ ಇನ್ನೂ ಒಳಗೇ ಸಿಕ್ಕಿಕೊಳ್ಳುತ್ತದೆ. ಇವರಿಗೆ ಬೇಕಾದ್ದು ನಿಧಾನ. ಯೋಗವೇ ಬೇಡ ಅಂತಲ್ಲ. ಭ್ರಾಮರಿಯಲ್ಲಿ ಉಸಿರು ಉದ್ದಕ್ಕೆ ಹೊರಗೆ ಹೋಗುತ್ತದೆ, ಅದು ಹೊಂದುತ್ತದೆ. ಉಸಿರು ಕಟ್ಟಿ ಹಿಡಿಯುವ ಕುಂಭಕ ಬೇಡ.

ನಿಜ_ಹೇಳ್ತೀನಿ
ಸಾವಿರಾರು ವರ್ಷದ ವಿದ್ಯೆ ತಪ್ಪು, ನಿಮ್ಮ ಪುಸ್ತಕ ಸರಿ. ಆಯ್ತು ಬಿಡಿ.

ದೋಸೆಪ್ರಿಯ
ಅವರು ಭ್ರಾಮರಿ ಮಾಡಿ ಅಂದ್ರು ಮಾರಾಯರೇ, ಅದೇನು ಜರ್ಮನಿಯಿಂದ ಬಂದಿದ್ದಾ?

ಕಡಲತೀರ
ಈ ತುಟಿ ಮುಂದೆ ಮಾಡಿ ಊದುವುದು ಅಂತ ಒಂದು ಉಂಟಲ್ಲ, ಅದನ್ನು ಯಾರೂ ಹೇಳಲಿಲ್ಲ. ನಮ್ಮ ದೊಡ್ಡಪ್ಪನಿಗೆ ಮಂಗಳೂರಿನಲ್ಲಿ ಕಲಿಸಿದ್ದು. ಮೂಗಿನಲ್ಲಿ ಎರಡು ಎಣಿಸುವಷ್ಟು ಎಳೆಯಬೇಕು, ಸೀಟಿ ಹೊಡೆಯುವ ಹಾಗೆ ತುಟಿ ಮಾಡಿ ನಾಲ್ಕು ಎಣಿಸುವಷ್ಟು ಮೆಲ್ಲ ಬಿಡಬೇಕು. ಉಫ್ ಅಂತ ಜೋರಾಗಿ ಊದಬಾರದು. ಮೆಟ್ಟಿಲು ಹತ್ತುವಾಗ ನಿಂತು ಎಳೆದುಕೊಳ್ಳುವುದು, ಬಿಡುತ್ತಾ ಕಾಲು ಎತ್ತುವುದು. ದೊಡ್ಡಪ್ಪ ದೇವಸ್ಥಾನದ ಮೆಟ್ಟಿಲು ಹಾಗೆಯೇ ಹತ್ತುತ್ತಾರೆ. ಹಿಂದೆ ಇರುವವರು "ಬೇಗ ಹೋಗಿ" ಅಂದರೆ ತಿರುಗಿ ನೋಡುವುದೂ ಇಲ್ಲ.

ಫಿಸಿಯೋ_ಧಾರವಾಡ
ಹೌದು, ಅದೇ ಮೊದಲ ಪಾಠ. ತುಟಿ ಕಿರಿದು ಮಾಡಿದಾಗ ಒಳಗೆ ಸ್ವಲ್ಪ ಒತ್ತಡ ಉಳಿದು ಕೊಳವೆ ಬೇಗ ಮುಚ್ಚಿಕೊಳ್ಳಲ್ಲ, ಉಸಿರಿನ ವೇಗವೂ ಇಳಿಯುತ್ತದೆ.

ಇನ್ನೊಂದು, ಪುಟ್ಟ ಕೈ ಫ್ಯಾನ್. ಜಾತ್ರೆಯಲ್ಲಿ ಸಿಗುವಂಥದ್ದೇ ಸಾಕು. ಮೂಗು, ತುಟಿ, ಕೆನ್ನೆಗೆ ತಣ್ಣನೆ ಗಾಳಿ ತಾಗಿದರೆ ಏದುಸಿರಿನ ಸಂಕಟ ಕಡಿಮೆ ಅನ್ನಿಸುತ್ತದೆ. ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ.

ಲೆಕ್ಕದ_ಮೇಷ್ಟ್ರು
ಮೂಲ ಪ್ರಶ್ನೆಗೆ ಬರೋಣ. ನಡೆಸಬೇಕಾ ಬೇಡವಾ? ತಾಯಿಯವರ ಭಯವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಏದುಸಿರು ಬರಿಸಿಕೊಂಡು ನಡೆದರೆ ಶ್ವಾಸಕೋಶ ಇನ್ನೂ ಸವೆಯಲ್ವಾ?

ಫಿಸಿಯೋ_ಧಾರವಾಡ
ಸವೆಯಲ್ಲ. ಎಲ್ಲ ಮನೆಗಳಲ್ಲೂ ಇದೇ ಭಯ ಇರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಏದುಸಿರು ಬರುತ್ತೆ ಅಂತ ನಡಿಗೆ ಬಿಟ್ಟರೆ ಮೊದಲು ಸೊರಗುವುದು ತೊಡೆಯ ಸ್ನಾಯು. ಸೊರಗಿದ ಕಾಲು ಸ್ವಲ್ಪ ಕೆಲಸಕ್ಕೇ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಅದನ್ನು ಸರಿದೂಗಿಸಲು ಇನ್ನೂ ಜಾಸ್ತಿ ಉಸಿರಾಡಬೇಕು. ಆಗ ಇನ್ನೂ ಬೇಗ ದಮ್ಮು, ಇನ್ನೂ ಕಡಿಮೆ ನಡಿಗೆ. ಕೊನೆಗೆ ಬಚ್ಚಲಿಗೆ ಹೋಗುವುದೂ ಕಷ್ಟ. ಎಷ್ಟೋ ರೋಗಿಗಳನ್ನು "ಯಾಕೆ ನಿಂತಿರಿ" ಅಂತ ಕೇಳಿದರೆ "ಉಸಿರು" ಅನ್ನಲ್ಲ, "ಕಾಲು ಸೋತಿತು" ಅಂತಾರೆ.

ವ್ಯಾಯಾಮದಿಂದ ಶ್ವಾಸಕೋಶ ಹೊಸದಾಗಲ್ಲ. ಶ್ವಾಸಕೋಶದ ಶಕ್ತಿ ಅಳೆಯಲು ಊದಿಸುವ ಪರೀಕ್ಷೆಯ ಅಂಕಿ ಹಾಗೇ ಇರುತ್ತದೆ. ಬದಲಾಗುವುದು ಕಾಲು, ಮತ್ತೆ ಧೈರ್ಯ. ಅಷ್ಟರಲ್ಲೇ ಮನುಷ್ಯ ಹಾಲಿನ ಡೈರಿಗೆ ಹೋಗಿ ಬರುವಂತೆ ಆಗುತ್ತಾನೆ. ಇದಕ್ಕೆ ಪಲ್ಮನರಿ ರಿಹ್ಯಾಬ್ ಅಂತಾರೆ. 2015ರಲ್ಲಿ ಕಾಕ್ರೇನ್ ಸಂಸ್ಥೆಯವರು 65 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಉಸಿರಾಟದ ಸಂಕಟ, ನಡೆಯುವ ಶಕ್ತಿ, ದಿನದ ಬದುಕು ಎಲ್ಲದರಲ್ಲೂ ಸುಧಾರಣೆ ಕಂಡಿತು. ಸಾಮಾನ್ಯವಾಗಿ 6ರಿಂದ 12 ವಾರ, ವಾರಕ್ಕೆ ಎರಡು ಮೂರು ಸಲ. ಬಿಟ್ಟರೆ ಲಾಭ ಕರಗುತ್ತದೆ, ಹಾಗಾಗಿ ಮನೆಯಲ್ಲಿ ಮುಂದುವರಿಸಬೇಕು.

ಎಷ್ಟು ಏದುಸಿರು ಸರಿ? ಬೋರ್ಗ್ ಅಳತೆ ಅಂತ ಇದೆ. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯೋಕೇ ಆಗಲ್ಲ. ಮೂರು ನಾಲ್ಕರಿಂದ ಶುರು ಮಾಡಿ, ಆರು ದಾಟಬೇಡಿ. ಒಂದು ಚಿಕ್ಕ ವಾಕ್ಯ ಹೇಳಲು ಆಗುತ್ತಿದ್ದರೆ ಸರಿ. ಒಂದೊಂದೇ ಪದ ಬರುತ್ತಿದ್ದರೆ ನಿಲ್ಲಿಸಿ.

ಸಾಗರದ_ಸುಮ
ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಅವರ ಕಾಲು ಕಡ್ಡಿ ಆಗಿರೋದು ನನಗೂ ಕಾಣುತ್ತೆ" ಅಂದರು. ಅರ್ಧ ಒಪ್ಪಿದ ಹಾಗೆ.

ಹಳೇ_ಸೈಕಲ್
ಒಂದೇ ಏಟಿಗೆ ಡೈರಿಗೆ ಕಳಿಸಬೇಡಿ ತಂಗಿ. ದಮ್ಮು ಕಟ್ಟುವ ಮೊದಲೇ ನಿಲ್ಲುವುದನ್ನು ಕಲಿಸಿ. ಒಂದು ನಿಮಿಷ ನಡೆ, ಒಂದು ನಿಮಿಷ ನಿಲ್ಲು. ನಾವು ಗಂಡಸರು ಮಾಡೋದು ಏನು ಗೊತ್ತಾ? ರಸ್ತೆಯಲ್ಲಿ ಯಾರಾದರೂ ನೋಡುತ್ತಾರೆ ಅಂತ ಜೋರಾಗಿ ನಡೆದುಬಿಡುತ್ತೇವೆ. ಪರಿಚಯದವರು ಸಿಕ್ಕರೆ ಮಾತಾಡೋಕೆ ಉಸಿರಿಲ್ಲ, ತಲೆ ಆಡಿಸುವುದು. ಅವರು "ಏನು ಸಾಹೇಬರಿಗೆ ಜಂಬ" ಅಂದುಕೊಳ್ಳುತ್ತಾರೆ. ನಾನಂತೂ ಮೊಬೈಲ್ ತೆಗೆದು ನೋಡುವ ಹಾಗೆ ನಾಟಕ ಮಾಡಿ ನಿಲ್ಲುತ್ತೇನೆ, ಯಾರೂ ಕೇಳಲ್ಲ.

ಊಟ ಆದ ಕೂಡಲೇ ಬೇಡ. ಹೊಟ್ಟೆ ಬಿರಿಯ ಮುದ್ದೆ ಉಂಡರೆ ಅದೇ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಕೊಡಿ. ಮೊಟ್ಟೆ, ಕಾಳು, ಮೊಸರು ಇರಲಿ. ಸ್ನಾಯು ಬರಿ ಗಾಳಿಯಿಂದ ಬೆಳೆಯಲ್ಲ.

ಕಡಲತೀರ
ನಡೆಯುವ ಮೊದಲು ಪಂಪು ಎಳೆಸಬೇಕಾ?

ಡಾಕ್ಟರಲ್ಲ_ನರ್ಸು
ಬೇಗ ಕೆಲಸ ಮಾಡುವ ಸಾಲ್‌ಬುಟಮಾಲ್ ಕೊಟ್ಟಿದ್ದರೆ ನಡೆಯುವುದಕ್ಕೆ ಕಾಲು ಗಂಟೆ ಮುಂಚೆ ತೆಗೆದುಕೊಳ್ಳಲು ಕೆಲವರಿಗೆ ಹೇಳಿರುತ್ತಾರೆ. ನಿಮ್ಮ ಡಾಕ್ಟರನ್ನು ಕೇಳಿ. ಅದಕ್ಕಿಂತ ಮೊದಲು, ಅಪ್ಪಾಜಿ ಪಂಪು ಹೇಗೆ ಎಳೆಯುತ್ತಾರೆ ಅಂತ ಒಮ್ಮೆ ಎದುರಿಗೆ ಕೂತು ನೋಡಿ. ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಡಬ್ಬಿ ಅಲ್ಲಾಡಿಸಲ್ಲ. ಒತ್ತುವುದು ಒಂದು ಕ್ಷಣ, ಎಳೆಯುವುದು ಇನ್ನೊಂದು ಕ್ಷಣ. ಔಷಧಿ ಪೂರ್ತಿ ನಾಲಿಗೆ ಮೇಲೆ. ಮೊದಲು ಉಸಿರು ಹೊರಗೆ ಬಿಡಬೇಕು, ಆಮೇಲೆ ಒತ್ತುತ್ತಾ ನಿಧಾನಕ್ಕೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಸ್ಪೇಸರ್ (ಪಂಪಿಗೆ ಜೋಡಿಸುವ ಟೊಳ್ಳು ಕೊಳವೆ) ಇದ್ದರೆ ಈ ಒದ್ದಾಟ ಇಲ್ಲ. ಪುಡಿ ಮಾತ್ರೆ ಹಾಕುವ ಯಂತ್ರ ಆದರೆ ಉಲ್ಟಾ, ಜೋರಾಗಿ ಎಳೆಯಬೇಕು. ಸ್ಟಿರಾಯ್ಡ್ ಇರುವ ಪಂಪು ಆದರೆ ಬಾಯಿ ಮುಕ್ಕಳಿಸಬೇಕು.

ಅಡಿಕೆ_ತೋಟ
ಎಲ್ಲರೂ ಬೀಡಿ ಬೀಡಿ ಅಂತೀರಿ. ನಮ್ಮಮ್ಮ ಬೀಡಿ ಮುಟ್ಟಿದವರಲ್ಲ. ಅವರಿಗೂ ಸಿಒಪಿಡಿ. ತೀರ್ಥಹಳ್ಳಿ ಕಡೆ ಮನೆ. ಅಡುಗೆಗೆ ಗ್ಯಾಸ್ ಬಂದು ಕಾಲ ಆಯ್ತು. ಬಚ್ಚಲ ಹಂಡೆಗೆ ಮಾತ್ರ ಇವತ್ತಿಗೂ ಸೌದೆ. ಮಳೆಗಾಲದಲ್ಲಿ ಹಸಿ ಸೌದೆ, ಅಡಿಕೆ ಸಿಪ್ಪೆ, ಹಾಳೆ ಚೂರು ತುಂಬಿ ಬಗ್ಗಿ ಊದುಗೊಳವೆಯಲ್ಲಿ ಊದುವುದು. ಆ ಮೇಲೆ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಬೇರೆ. ಡಾಕ್ಟರ್ "ಸಿಗರೇಟು ಸೇದ್ತೀರಾ" ಅಂತ ಕೇಳಿದಾಗ ಅಮ್ಮ ನಗಾಡಿದರು. "ಒಲೆ ಊದ್ತೀರಾ" ಅಂತ ಕೇಳಿದ್ದರೆ ಉತ್ತರ ಸಿಗುತ್ತಿತ್ತು.

ಡಾಕ್ಟರಲ್ಲ_ನರ್ಸು
ಇದು ಬಹಳ ಮುಖ್ಯ. ನಮ್ಮಲ್ಲಿ ಹಳ್ಳಿ ಹೆಂಗಸರಿಗೆ ಬರುವುದು ಜಾಸ್ತಿ ಇದೇ ಹೊಗೆಯಿಂದ. ಬಡವರಿಗೆ ಅಡುಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ, ಅದಕ್ಕೂ ಮುಂಚಿನ ಹೊಗೆ ಎದೆಯಲ್ಲೇ ಇರುತ್ತದಲ್ಲ. "ವಯಸ್ಸಾಯ್ತು, ದಮ್ಮು ಬರುತ್ತೆ" ಅಂತ ಪರೀಕ್ಷೆಗೂ ಬರಲ್ಲ.

ದೋಸೆಪ್ರಿಯ
ಆದರೆ ಸೌದೆ ಒಲೆಯ ಹಂಡೆ ನೀರಿನ ಸ್ನಾನ ಅಂದ್ರೆ ಸ್ನಾನ. ಗೀಸರಿಗೆ ಆ ಸುಖ ಇಲ್ಲ.

ಅಡಿಕೆ_ತೋಟ
ಸುಖ ಮೈ ತೊಳೆಯುವವರಿಗೆ ಸ್ವಾಮಿ, ಬೆಂಕಿ ಹಾಕುವವರಿಗಲ್ಲ.

ಕಡಲತೀರ
ಸರಿಯಾಗಿ ಕೊಟ್ಟಿರಿ.

ಟೊರಾಂಟೋ_ತಮ್ಮ
ಮನೆಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ (ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಯಂತ್ರ) ತಂದಿಟ್ಟರೆ ಒಳ್ಳೆಯದಲ್ವಾ? ಅಲ್ಲಿಗೆ ದುಡ್ಡು ಕಳಿಸಿ ಅಮ್ಮನಿಗೆ ಒಂದು ಕೊಡಿಸೋಣ ಅಂತಿದ್ದೇನೆ.

ಡಾಕ್ಟರಲ್ಲ_ನರ್ಸು
ಡಾಕ್ಟರ್ ಬರೆದುಕೊಡದೆ ಬೇಡ. ಕೂತಾಗಲೇ 88 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಅಂತ 1980, 81ರಲ್ಲೇ ಅಮೆರಿಕ, ಬ್ರಿಟನ್ನಿನಲ್ಲಿ ತೋರಿಸಿದರು. ಆದರೆ ಅಷ್ಟು ಕಡಿಮೆ ಇಲ್ಲದವರಿಗೆ, ನಡೆದಾಗ ಮಾತ್ರ ಸ್ವಲ್ಪ ಇಳಿಯುವವರಿಗೆ? 2016ರಲ್ಲಿ 738 ಜನರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಆಮ್ಲಜನಕ ಕೊಟ್ಟವರಿಗೂ ಕೊಡದವರಿಗೂ ಸಾವಿನಲ್ಲಾಗಲಿ, ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಇರಲಿಲ್ಲ. ಸುಮ ಅವರ ತಂದೆಯ 95ಕ್ಕೆ ಆಮ್ಲಜನಕ ಹಾಕಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರಲ್ಲ.

ಇನ್ನೊಂದು ಅಪಾಯ. ಜಾಸ್ತಿ ಆದರೆ ಒಳ್ಳೆಯದು ಅಂತ ನಾಬ್ ತಿರುಗಿಸುತ್ತಾರೆ. ಕೆಲವು ಸಿಒಪಿಡಿ ರೋಗಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ಅದಕ್ಕೇ ಇವರಿಗೆ ಆಮ್ಲಜನಕ ಕೊಡುವಾಗ ನಾವು ಇಟ್ಟುಕೊಳ್ಳುವ ಗುರಿ 88ರಿಂದ 92. ನೂರು ಅಲ್ಲ.

ಹಳೇ_ಸೈಕಲ್
ಕೋವಿಡ್ ಸಮಯದಲ್ಲಿ ಒಬ್ಬ ಏಜೆಂಟು ನನಗೂ ಒಂದು ಕಟ್ಟಲು ನೋಡಿದ್ದ. "ಸರ್, ಉಸಿರಿಗೆ ಬೆಲೆ ಕಟ್ಟೋಕಾಗುತ್ತಾ" ಅಂದ. ಅವನೇ ಕಟ್ಟಿದ್ದ, ಎಂಬತ್ತು ಸಾವಿರ.

ಲೆಕ್ಕದ_ಮೇಷ್ಟ್ರು
ಹ್ಹಹ್ಹ. ನನ್ನದೊಂದು ಅಡ್ಡ ಪ್ರಶ್ನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಐದರಲ್ಲಿ ಒಂದು ಪಾಲು ಕಡಿಮೆ. ಇಂಥವರನ್ನು ಗಿರಿಗೆ ಕರೆದುಕೊಂಡು ಹೋಗಬಹುದಾ?

ಫಿಸಿಯೋ_ಧಾರವಾಡ
ಬೆಂಗಳೂರಿನ ಎತ್ತರ ಹೆಚ್ಚಿನವರಿಗೆ ತೊಂದರೆ ಕೊಡಲ್ಲ, ಅಲ್ಲಿ ತೊಂದರೆ ಧೂಳು ಮತ್ತೆ ಹೊಗೆಯದು. ಗಿರಿಗೆ ಹೋಗುವ ಮೊದಲು, ಕೂತಾಗಲೇ ಅಂಕಿ ಕಡಿಮೆ ಇರುವವರು ಡಾಕ್ಟರನ್ನು ಕೇಳಲಿ. ಕಾರಿನಲ್ಲಿ ಹೋಗಿ ಕೂತು ನೋಡುವುದು ಬೇರೆ, ಕೊನೆಯ ಮೆಟ್ಟಿಲುಗಳನ್ನು ಹತ್ತುವುದು ಬೇರೆ.

ಗಣಿಮಗ
ನಮ್ಮ ಕಥೆ ಸ್ವಲ್ಪ ಬೇರೆ. ಕೆಜಿಎಫ್‌ನವನು. ಅಪ್ಪ ಚಿನ್ನದ ಗಣಿಯಲ್ಲಿ ಕಲ್ಲು ಕೊರೆಯುವ ಕೆಲಸದಲ್ಲಿದ್ದರು. 2001ರಲ್ಲಿ ಗಣಿ ಮುಚ್ಚಿತು, ಧೂಳು ಮಾತ್ರ ಎದೆಯಲ್ಲೇ ಉಳಿಯಿತು. ಸಿಲಿಕೋಸಿಸ್. ಇವರಿಗೆ ಕೂತಾಗ 95, ಹತ್ತು ಹೆಜ್ಜೆ ಇಟ್ಟರೆ 84. ತುಟಿ ಊದುವುದರಿಂದ ಅಷ್ಟೇನೂ ಪ್ರಯೋಜನ ಕಾಣಲಿಲ್ಲ. ಮೇಲೆ ಹೇಳಿದ್ದೆಲ್ಲಾ ಇವರಿಗೂ ಹೊಂದುತ್ತಾ?

ಫಿಸಿಯೋ_ಧಾರವಾಡ
ಪೂರ್ತಿ ಹೊಂದಲ್ಲ, ಕೇಳಿದ್ದು ಒಳ್ಳೆಯದಾಯ್ತು. ಸಿಲಿಕೋಸಿಸ್‌ನಲ್ಲಿ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿ ಗಟ್ಟಿಯಾಗಿರುತ್ತದೆ. ಹಿಗ್ಗುವುದೇ ಕಷ್ಟ, ಆಮ್ಲಜನಕ ರಕ್ತಕ್ಕೆ ದಾಟುವುದೂ ಕಷ್ಟ. ಅದಕ್ಕೇ ಅಂಕಿ ಧಡಕ್ಕನೆ ಬೀಳುತ್ತದೆ. 84ಕ್ಕೆ ಇಳಿಯುವವರು ತಾವೇ ಮನೆಯಲ್ಲಿ ವ್ಯಾಯಾಮ ಶುರು ಮಾಡಬಾರದು. ಆಮ್ಲಜನಕ ಹಾಕಿಕೊಂಡು ನಡೆಯಬೇಕಾ ಅಂತ ಪರೀಕ್ಷೆ ಮಾಡಿಸಿ ನಿರ್ಧರಿಸಬೇಕು. ಮೇಲಿನ 738 ಜನರ ಫಲಿತಾಂಶ ಸಿಒಪಿಡಿಯವರದ್ದು, ಅದನ್ನು ಇವರಿಗೆ ತಂದು ಅಂಟಿಸಬೇಡಿ. ಕ್ಷಯ ಪರೀಕ್ಷೆಯನ್ನೂ ಕೇಳಿ, ಸಿಲಿಕಾ ಧೂಳು ಕುಡಿದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು.

ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್ ಹತ್ತಿರ ಸರ್ಕಾರದ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಇದೆ.

ಗಣಿಮಗ
ಧನ್ಯವಾದ ಸರ್. ಆ ಕಡೆಗೇ ಕರೆದುಕೊಂಡು ಹೋಗುತ್ತೇನೆ.

ಡಾಕ್ಟರಲ್ಲ_ನರ್ಸು
ಎಲ್ಲರಿಗೂ ಒಂದು ಮಾತು. ಎಲ್ಲ ಏದುಸಿರೂ ಶ್ವಾಸಕೋಶದ್ದಲ್ಲ. ಮಲಗಿದರೆ ಜಾಸ್ತಿ ಆಗುವುದು, ಕಾಲು ಊದಿಕೊಳ್ಳುವುದು, ನಡೆದಾಗ ಎದೆ ಹಿಡಿದ ಹಾಗಾಗುವುದು ಇದ್ದರೆ ಹೃದಯ ನೋಡಿಸಿ. ಬೀಡಿ ಸೇದಿದವರಿಗೆ ಎರಡೂ ಇರಬಹುದು. ರಕ್ತ ಕಡಿಮೆ ಇದ್ದರೂ ದಮ್ಮು ಬರುತ್ತದೆ. ನಿಂತು ಸುಧಾರಿಸಿಕೊಂಡರೂ ಉಸಿರು ಇಳಿಯದಿದ್ದರೆ, ತುಟಿ ನೀಲಿ ಆದರೆ, ಮಾತು ತಡವರಿಸಿದರೆ ಇಲ್ಲಿ ಬಂದು ಕೇಳುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಇನ್ನೂ ಸೇದುತ್ತಿರುವವರು ಬಿಡಲು 1800-11-2356ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ.

ನಿಜ_ಹೇಳ್ತೀನಿ
ಮಾವನನ್ನು ಕೇಳಿದೆ. ಅವರಿಗೆ ಆಸ್ತಮಾ ಅಂತೆ. ಪಂಪು ಬಿಟ್ಟಿಲ್ಲವಂತೆ, ನಮ್ಮತ್ತೆಗೆ ಗೊತ್ತಾಗದ ಹಾಗೆ ತಗೋತಾರಂತೆ.

ದೋಸೆಪ್ರಿಯ
ಮುಗೀತು ಕಥೆ!

ಸಾಗರದ_ಸುಮ
ಎಲ್ಲರಿಗೂ ಧನ್ಯವಾದ. ಶಿವಮೊಗ್ಗದಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆಗೆ ದಿನ ಕೊಟ್ಟಿದ್ದಾರೆ. ಅದರಲ್ಲಿ ನಿಂತರೆ ಫೇಲಾ ಅಂತ ಅಪ್ಪನಿಗೆ ಈಗಲೇ ಚಿಂತೆ.

ಫಿಸಿಯೋ_ಧಾರವಾಡ
ಫೇಲ್ ಅಂತ ಇಲ್ಲ. 30 ಮೀಟರ್ ಉದ್ದದ ವರಾಂಡದಲ್ಲಿ ಹೋಗಿ ಬರುವುದು. ಬೇಕಾದಾಗ ಗೋಡೆಗೆ ಒರಗಿ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲಲ್ಲ. ಓಡುವ ಹಾಗಿಲ್ಲ. ಮುಂದೆ ವ್ಯಾಯಾಮ ಶುರುವಾದ ಮೇಲೆ ಇನ್ನೊಮ್ಮೆ ನಡೆಸಿದಾಗ 30 ಮೀಟರ್ ಜಾಸ್ತಿ ಬಂದರೂ ಅದು ಲೆಕ್ಕಕ್ಕೆ ಬರುವ ಸುಧಾರಣೆ. ಅವತ್ತು ಮಾಮೂಲಿ ಔಷಧಿ ತಪ್ಪಿಸಬೇಡಿ, ಹಗುರ ತಿಂಡಿ ಕೊಡಿ, ಹಿತವಾದ ಚಪ್ಪಲಿ ಹಾಕಿಸಿ.

ಅಡಿಕೆ_ತೋಟ
ಹಂಡೆ ಒಲೆಗೆ ಬದಲಿ ಏನು ಮಾಡಬಹುದು ಅಂತ ಬೇರೆ ಚರ್ಚೆ ಶುರು ಮಾಡಿದ್ದೇನೆ. ಸೋಲಾರ್ ಮಳೆಗಾಲದಲ್ಲಿ ಕೈ ಕೊಡುತ್ತೆ, ನಮ್ಮ ಕಡೆ ಕರೆಂಟಿನ ಪಾಡು ಗೊತ್ತೇ ಇದೆ. ಹೊಗೆ ಕೊಳವೆ ಇಟ್ಟ ಒಲೆ ಹಾಕಿಸಿದವರು ಇದ್ದರೆ ಅಲ್ಲಿ ಬಂದು ಖರ್ಚು ಎಷ್ಟಾಯ್ತು ಹೇಳಿ.